ದಾರ್ಸೈಟ್ ಫ್ಲ್ಯಾಟಿನಲ್ಲಿ ಹಾಡಿದವಳು ಅಜ್ಞಾತಳಲ್ಲ

ಕಳೆದ ಶುಕ್ರವಾರ ಮಸ್ಕತ್ತಿನ ನಮ್ಮೂರವರ ಸಂಘ ಹೊರತಂದ ಹಳೆಯ ಹಾಡುಗಳ ಸಂಗ್ರಹದಲ್ಲಿ ಪಪ್ಪನ ತಂಗಿ, ನನ್ನ ಅತ್ತೆಯ ಹಾಡಿಗೆ 'ಗಾಯಕಿ ಅಜ್ಞಾತ' ಎಂದು ಬರೆದಿದ್ದಾರೆ.

ಆ ಫಂಕ್ ಹಾಡು ಕ್ಯಾಸೆಟ್ಟಿಗೆ ಇಳಿದದ್ದು ಮಸ್ಕತ್ತಿನ ದಾರ್ಸೈಟ್ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲೇ. ಪಪ್ಪನದು ಬೇಸ್ ಗಿಟಾರ್, ಚಿಕ್ಕಪ್ಪನದು ಡ್ರಮ್ಸ್. ಗೋಡೆಗೆಲ್ಲ ಕಂಬಳಿ ಕಟ್ಟಿ, ಸದ್ದು ಸೇರದಿರಲೆಂದು ಎಸಿಯನ್ನೂ ಬಂದ್ ಮಾಡುತ್ತಿದ್ದರು. ಅತ್ತೆ ಬೆವರು ಒರೆಸುತ್ತಲೇ ಹಾಡುತ್ತಿದ್ದಳು. ಅಂದು ಹಾಡು ಮುಗಿಯುತ್ತಲೇ ಪಪ್ಪ ಕೂಗಿದರು:

"ಖಲಾಸ್ ಲೀನಾ! ಎಸಿ ಹಾಕು ಮಾರಾಯ್ತಿ, ಬೆಂದೇಹೋದೆ!"

"ಟೇಪ್ ಇನ್ನೂ ಓಡ್ತಾ ಉಂಟು ಅಣ್ಣಾ! ನಿಮ್ಮ ಬಾಯಿಗೂ ಒಂದು ಕಂಬಳಿ ಕಟ್ಟಬೇಕಿತ್ತು!"

ಪಪ್ಪ ಕೂಗಿದ ಅತ್ತೆಯ ಹೆಸರೂ ಸೇರಿ ಈ ಮಾತೆಲ್ಲ ಸಂಗ್ರಹದಲ್ಲೂ ಹಾಗೆಯೇ ಇದೆ. ಕೊನೆಯವರೆಗೆ ಸಂಘದ ನಿಮ್ಮಲ್ಲಿ ಒಬ್ಬರೂ ಕೇಳಲಿಲ್ಲವೇ? ಕ್ಯಾಸೆಟ್ಟಿನ ಜೊತೆ ನಾನು ಹೆಸರನ್ನೂ ಬರೆದುಕೊಟ್ಟಿದ್ದೆ. ಅತ್ತೆ ಮಂಗಳೂರಿನಲ್ಲಿ ಇನ್ನೂ ಬದುಕಿದ್ದಾಳೆ. ಅವಳ ಹೆಸರು ತೆಗೆದವರು ಯಾರು, ಏಕೆ ಎಂದು ಸಂಘ ಎಲ್ಲರೆದುರು ಹೇಳಲಿ.