ಫ್ಲ್ಯಾಶಿನ ಟೋಪಿ, ಕಿಟಕಿಯ ಪಂಚೆ

ಕ್ಯಾಮೆರಾದ ಫ್ಲ್ಯಾಶಿಗೆ ಹಾಕುವ ಬಿಳಿ ಪ್ಲಾಸ್ಟಿಕ್ ಟೋಪಿಯೊಂದು ಬರುತ್ತದೆ. ಡಿಫ್ಯೂಸರ್ ಎನ್ನುತ್ತಾರೆ. ಅಂಗೈಯಲ್ಲಿ ಮುಚ್ಚಿಡಬಹುದಾದಷ್ಟು ಸಣ್ಣದು. ತರೀಕೆರೆಯ ಅಂಗಡಿಯವನು ಅದನ್ನು ನನ್ನ ಕೈಗಿಟ್ಟು, "ಹಾಕ್ ನೋಡಿ ಸಾರ್, ಮುಖ ಬೆಣ್ಣೆ ಹಂಗೆ ಬತ್ತದೆ" ಎಂದಿದ್ದ. ಅಜ್ಜಂಪುರದಲ್ಲಿ ಇಷ್ಟು ವರ್ಷದಿಂದ ಸ್ಟುಡಿಯೋ ಇಟ್ಟುಕೊಂಡವನು ನಾನು. ಅಂಥ ಮಾತಿಗೆ ಮರುಳಾಗಬಾರದಿತ್ತು. ಆದರೆ ಆ ದಿನ ನನಗೆ ಬೇಕಾಗಿದ್ದುದು ಗಿರಾಕಿಯ ಫೋಟೋ ಅಲ್ಲ, ನನ್ನ ತಂಗಿಯದು.

ತಂಗಿ ಚಿಕ್ಕವಳಿದ್ದಾಗ ಹಬ್ಬದ ದಿನ ಬಾಣಲೆ ಮಗುಚಿ ಕಾದ ಎಣ್ಣೆ ಅವಳ ಎಡಗೆನ್ನೆಗೆ ಬಿದ್ದಿತ್ತು. ಗಾಯ ಮಾಯಿತು, ಚರ್ಮ ಮುದುಡಿಕೊಂಡೇ ಉಳಿಯಿತು. ಈಗ ಹೆಣ್ಣು ನೋಡಲು ಜನ ಬರುವುದಕ್ಕೆ ಮೊದಲು ಫೋಟೋ ಹೋಗಬೇಕು. ಮದುವೆ ದಲ್ಲಾಳಿಯ ಮೊಬೈಲಿನಿಂದ ಹೊರಟ ಫೋಟೋ ಶಿವನಿ, ಬೀರೂರು, ಕಡೂರು ಎಲ್ಲ ಸುತ್ತುತ್ತದೆ. ತಂಗಿಯ ಫೋಟೋಗೆ ಎಲ್ಲ ಕಡೆಯಿಂದಲೂ ಒಂದೇ ಉತ್ತರ, ಜಾತಕ ಕೂಡಲಿಲ್ಲವಂತೆ. ನಾವು ಯಾರಿಗೂ ಜಾತಕ ಕೊಟ್ಟೇ ಇರಲಿಲ್ಲ.

ಟೋಪಿ ಹಾಕಿ ಮನೆಯೊಳಗೆ ನಾಲ್ಕಾರು ಫೋಟೋ ತೆಗೆದೆ. ಬರಿಯ ಫ್ಲ್ಯಾಶಿಗೂ ಇದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಕೆನ್ನೆಯ ಒಂದೊಂದು ಸುಕ್ಕಿಗೂ ಒಂದೊಂದು ಗಟ್ಟಿ ನೆರಳು. ಬೆಳಕು ಮೃದುವಾಗಬೇಕಾದರೆ ಅದು ಹೊರಡುವ ಜಾಗ ದೊಡ್ಡದಿರಬೇಕು. ಮೋಡ ಕವಿದ ದಿನ ಅಂಗಳದಲ್ಲಿ ನಿಂತರೆ ನೆರಳು ಕಾಣದಿರುವುದು ಅದಕ್ಕೇ, ಆಗ ಇಡೀ ಆಕಾಶವೇ ದೀಪ. ಅಂಗೈಯಗಲದ ಪ್ಲಾಸ್ಟಿಕ್ಕಿನಿಂದ ಏನಾದೀತು? ಬಿಳಿ ಗೋಡೆ, ಬಿಳಿ ಸೀಲಿಂಗ್ ಇದ್ದ ಕೋಣೆಯಲ್ಲಾದರೆ ಟೋಪಿ ಎರಚಿದ ಬೆಳಕು ಗೋಡೆಗೆ ಬಡಿದು ಹಿಂದಿರುಗಿ ಸ್ವಲ್ಪ ಉಪಯೋಗಕ್ಕೆ ಬರುತ್ತದೆ. ಅಲ್ಲಿ ದುಡಿಯುವುದು ಗೋಡೆ, ಹೆಸರು ಟೋಪಿಗೆ. ನಮ್ಮದೋ ಹೊಗೆ ಹಿಡಿದು ಕಪ್ಪಾದ ಹೆಂಚಿನ ಮಾಡು. ಮೇಲೆ ಹೋದ ಬೆಳಕು ಹಾಗೇ ಹೋಯಿತು.

ರೇಗಿ ಟೋಪಿಯನ್ನು ಕಿತ್ತು ಮೂಲೆಗೆಸೆದೆ. ಮಾರನೆಯ ಬೆಳಿಗ್ಗೆ ಸ್ಟುಡಿಯೋದಲ್ಲಿ, ಬಿಸಿಲು ಬೀಳುವ ದೊಡ್ಡ ಕಿಟಕಿಗೆ ಅಪ್ಪನ ಒಗೆದ ಪಂಚೆ ಕಟ್ಟಿ ತಂಗಿಯನ್ನು ಅದರೆದುರು ಕೂರಿಸಿದೆ. ಪಂಚೆಯಷ್ಟೂ ಬೆಳಕಾಯಿತು. ಸುಕ್ಕುಗಳ ನೆರಳೆಲ್ಲ ಕರಗಿಹೋಯಿತು. ಕಂಪ್ಯೂಟರಿನಲ್ಲಿ ನಾನು ಏನನ್ನೂ ತಿದ್ದಲಿಲ್ಲ, ದೇವರಾಣೆಗೂ ಇಲ್ಲ.

ಅವಳು ಆ ಫೋಟೋವನ್ನು ತುಂಬ ಹೊತ್ತು ನೋಡಿದಳು. "ಅಣ್ಣಾ, ನಾನು ಇಷ್ಟ್ ಚೆನ್ನಾಗಿದೀನೇನೋ?"

"ಇದೀಯ ಕಣೇ" ಎಂದೆ. ಈಗಲೂ ಹಾಗೇ ಅನ್ನುತ್ತೇನೆ. ಆ ಖುಷಿಯಲ್ಲೇ ಫೋಟೋವನ್ನು ದೊಡ್ಡದು ಮಾಡಿಸಿ ಸ್ಟುಡಿಯೋದ ಬಾಗಿಲ ಪಕ್ಕ ನೇತುಹಾಕಿದೆ.

ದಲ್ಲಾಳಿ ಕಳಿಸಿದ ಆ ಫೋಟೋ ನೋಡಿ ಕಡೂರು ಕಡೆಯವರು ಬಂದರು. ಉಪ್ಪಿಟ್ಟಾಯಿತು, ಕಾಫಿಯಾಯಿತು. ಹುಡುಗನ ತಾಯಿ, "ಒಳಗೆ ಕತ್ಲೆ ಅದೆ ಕಣಮ್ಮಾ, ಹೊರಗ್ ಬಾ" ಎಂದು ತಂಗಿಯ ಕೈಹಿಡಿದು ಜಗಲಿಗೆ ಕರೆತಂದರು. ಸಂಜೆಯ ಬಿಸಿಲು ಓರೆಯಾಗಿ ಕೆನ್ನೆಗೆ ಹೊಡೆಯಿತು. ಅದಕ್ಕಿಂತ ಕೆಟ್ಟ ಬೆಳಕನ್ನು ನಾನು ಬೇಕೆಂದು ಹುಡುಕಿದರೂ ಸಿಗುತ್ತಿರಲಿಲ್ಲ. ಆಕೆ ಮೊಬೈಲಿನಲ್ಲಿ ಆ ಫೋಟೋ ತೆರೆದು ತಂಗಿಯ ಮುಖದ ಪಕ್ಕದಲ್ಲಿ ಹಿಡಿದರು. ಅದನ್ನೊಮ್ಮೆ ನೋಡಿದರು, ಇವಳನ್ನೊಮ್ಮೆ ನೋಡಿದರು.

"ಫೋಟೋದಲ್ಲಿ ಇದ್ ಕಾಣ್ಲಿಲ್ವಲ್ಲಪ್ಪಾ."

ನಾನು ಬೆಳಕಿನ ವಿಷಯ ಹೇಳಲು ಹೋದೆ. ಕಿಟಕಿ, ಪಂಚೆ, ನೆರಳು ಎಂದು ಏನೇನೋ ತೊದಲಿದೆ. ಅವರು ತಲೆಯಾಡಿಸುತ್ತಲೇ ಚಪ್ಪಲಿ ಮೆಟ್ಟಿದರು. "ಊರಿಗ್ ಹೋಗಿ ತಿಳಿಸ್ತೀವಿ" ಎಂದರು. ಅವರಿಂದ ಫೋನ್ ಬರಲೇ ಇಲ್ಲ.

ಅವತ್ತು ಅವರು ಹೋದ ಮೇಲೆ ತಂಗಿ ಹಿತ್ತಲಲ್ಲಿ ಕಾಫಿ ಲೋಟ ತೊಳೆಯುತ್ತಿದ್ದಳು. ಹತ್ತಿರ ಹೋಗಿ ನಿಂತೆ. ಅಳು ಬಂತು.

"ಬೇಜಾರ್ ಮಾಡ್ಕೋಬೇಡ ಕಣೋ ಅಣ್ಣಾ" ಎಂದಳು, ತಲೆಯೆತ್ತದೆ. "ಮುಂಚಿನೋರೆಲ್ಲ ಫೋಟೋ ನೋಡಿ ಬೇಡ ಅಂತಿದ್ರು. ಇವ್ರು ನನ್ನೇ ನೋಡಿ ಬೇಡ ಅಂದ್ರು, ಅಷ್ಟೇ."

ಆಮೇಲೆ ಅವಳು ಯಾವ ಕ್ಯಾಮೆರಾದ ಮುಂದೆಯೂ ಕೂತಿಲ್ಲ. ದಲ್ಲಾಳಿಯೂ ಈಚೆಗೆ ನಮ್ಮ ಮನೆ ಕಡೆ ಸುಳಿಯುವುದಿಲ್ಲ. ಬೆಳಕನ್ನು ಮೃದು ಮಾಡುವುದನ್ನು ಇಷ್ಟು ಚೆನ್ನಾಗಿ ಕಲಿತು ನಾನು ಯಾರ ಕಣ್ಣನ್ನು ಮೃದು ಮಾಡಿದೆ? ಆ ಟೋಪಿಯೇ ವಾಸಿ, ಅದು ಏನೂ ಮಾಡಲಿಲ್ಲ, ಯಾರಿಗೂ ಆಸೆ ಹುಟ್ಟಿಸಲಿಲ್ಲ.

ಸ್ಟುಡಿಯೋದ ಮುಂಭಾಗದಲ್ಲಿ ಈಗ ತಂಗಿಯ ಹೊಲಿಗೆ ಮಿಷನ್ ಇದೆ. ಆ ಫೋಟೋವನ್ನು ತೆಗೆದುಬಿಡುತ್ತೇನೆಂದು ಎಷ್ಟೋ ಸಲ ಹೇಳಿದೆ. "ಇರ್ಲಿ ಬಿಡು, ಅದ್ನ ನೋಡಿ ಜನ ಬತ್ತಾರೆ" ಎನ್ನುತ್ತಾಳೆ. ಬರುವುದೂ ನಿಜ.

ಮೊನ್ನೆ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದರು. ರವಿಕೆಯ ಅಳತೆ ಕೊಡಿಸುತ್ತ ಫೋಟೋ ಕಡೆ ಕೈತೋರಿಸಿ, "ಯಾರಮ್ಮಾ ಈ ಹುಡ್ಗಿ? ಎಷ್ಟ್ ಲಕ್ಷಣವಾಗವಳೆ! ನಮ್ಮ ಹುಡ್ಗೀಗೂ ಹಿಂಗೇ ತೆಗೀತಾರಾ?" ಎಂದು ಕೇಳಿದರು. ತಂಗಿ ಟೇಪನ್ನು ಕುತ್ತಿಗೆಗೆ ಹಾಕಿಕೊಂಡು ಅವರನ್ನೇ ನೋಡಿದಳು. ಅವರೂ ಅವಳ ಮುಖವನ್ನು ನೇರವಾಗಿ ನೋಡುತ್ತಲೇ ಉತ್ತರಕ್ಕೆ ಕಾದಿದ್ದರು.

"ಯಾರೋ, ಗೊತ್ತಿಲ್ಲ ಕಣಮ್ಮಾ" ಎಂದಳು. "ತೆಗೀತಾರೆ, ಒಳಗ್ ಹೋಗಿ."

ನಾನು ಒಳಗೆ ಕಿಟಕಿಗೆ ಪಂಚೆ ಕಟ್ಟತೊಡಗಿದೆ.