ನನ್ನ ಪಾಲಿನ ಲೆಕ್ಕ ಬರೆದವರು

ಗಂಡ ತೀರಿಕೊಂಡ ಮೇಲೆ ನಾನು ಮಾಡಿದ ದೊಡ್ಡ ಕೆಲಸವೆಂದರೆ ಲೆಕ್ಕ ಬರೆಯುವವರನ್ನು ಹುಡುಕಿದ್ದು. ಅದಕ್ಕಿಂತ ಮೊದಲು ಅಳು ಬರಬೇಕಿತ್ತು, ಬರಲಿಲ್ಲ.

ಎರಡನೆಯ ಮಹಾಯುದ್ಧದ ಕಾಲ. ಹಿರೇಕೆರೂರಿನಲ್ಲಿ ನಮ್ಮದು ಹತ್ತಿಯ ದಲಾಲಿ ಅಂಗಡಿ. ಧಾರಣೆ ಏರಿತ್ತು, ಕೈಯಲ್ಲಿ ನಾಲ್ಕು ಕಾಸು ಆಡುತ್ತಿತ್ತು. ಅಂಥ ಹೊತ್ತಿನಲ್ಲಿ ಒಂದು ಜ್ವರ ಬಂದು ಅವರನ್ನು ಎತ್ತಿಕೊಂಡು ಹೋಯಿತು. ನಮ್ಮ ಮನೆತನದಲ್ಲಿ ಸೂತಕ ಹಿಡಿಯುವ ಪದ್ಧತಿಯಿಲ್ಲ. ಮಣ್ಣು ಮಾಡಿ ಬಂದ ಮರುದಿನವೇ ಅಂಗಡಿ ತೆರೆಯಿತು, ನಾನೂ ಎದ್ದು ರೊಟ್ಟಿ ಬಡಿದೆ. ಬಂದವರೆಲ್ಲ ‘ಗಟ್ಟಿ ಹೆಣ್ಣುಮಗಳು’ ಎಂದರು. ಗಟ್ಟಿ ಎಲ್ಲಿಯದು? ಜೋಮು ಹಿಡಿದ ಕಾಲನ್ನು ಚಿವುಟಿದರೆ ಗೊತ್ತಾಗುವುದಿಲ್ಲವಲ್ಲ, ಹಾಗಿದ್ದೆ.

ನನ್ನ ಗಂಡ ತಮ್ಮ ಅಣ್ಣನಿಂದ ಬೇರೆಯಾಗಿ ವರ್ಷಗಳಾಗಿದ್ದವು. ಅಂಗಡಿ, ಅಕ್ಕಿಆಲೂರಿನ ಅಕ್ಕಿ ಗಿರಣಿಯಲ್ಲಿ ತೆಗೆದುಕೊಂಡ ಪಾಲು, ಪೋಸ್ಟಿನಲ್ಲಿಟ್ಟ ಗಂಟು, ಎಲ್ಲ ಅವರೇ ದುಡಿದದ್ದು. ಈಗ ತೆರಿಗೆ ಕಚೇರಿಗೆ ಆ ವರ್ಷದ ಆದಾಯದ ಲೆಕ್ಕವನ್ನೂ, ಇನ್ನು ಮುಂದೆ ಇದೆಲ್ಲ ಯಾರದು ಎಂಬ ಹೇಳಿಕೆಯನ್ನೂ ಕೊಡಬೇಕಿತ್ತು. ನನ್ನದೆಂದು ಬರೆದರೆ ನಾನೂ ಶಾಲೆಗೆ ಹೋಗುವ ಮಗಳೂ ನಮ್ಮದನ್ನು ನಾವು ಉಣ್ಣುತ್ತೇವೆ. ಕೂಡುಕುಟುಂಬದ್ದೆಂದು ಬರೆದರೆ ಆ ಅಣ್ಣ, ನನ್ನ ಭಾವನವರು, ಕೊಟ್ಟಷ್ಟು ಉಣ್ಣಬೇಕು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಏನೂ ಅನ್ನಿಸುತ್ತಿರಲಿಲ್ಲ.

ಭಾವನವರು ತಮ್ಮ ಲೆಕ್ಕ ಬರೆಯುವ ದಿವಾನಜಿಯನ್ನು ಹಾನಗಲ್ಲಿನಿಂದ ಕರೆದುಕೊಂಡೇ ಬಂದರು. ಹಣ್ಣಾದ ಮನುಷ್ಯ, ಮಾತು ಮೆತ್ತಗೆ. ಕಾಗದ ಬಿಡಿಸಿ, ‘ತೀರಿಕೊಂಡವ್ರ ಹೆಸರು ಹೇಳ್ರಿ ಅವ್ವಾರ’ ಎಂದರು.

ನಾನು ಸೆರಗು ಹಿಡಿದುಕೊಂಡು ನಿಂತೆ. ಗಂಡನ ಹೆಸರನ್ನು ಹೆಂಡತಿ ಬರಿಬಾಯಲ್ಲಿ ಹೇಳುವುದುಂಟೆ? ಮದುವೆ, ಸೋಬಾನದಲ್ಲಿ ಹೆಣ್ಣುಮಕ್ಕಳು ಕಾಡಿದಾಗ ಒಡಪು ಕಟ್ಟಿ, ಮಲ್ಲಿಗೆಯನ್ನೋ ಬೆಳದಿಂಗಳನ್ನೋ ಮುಂದಿಟ್ಟು, ಅದರ ಬಾಲಕ್ಕೆ ಹೆಸರು ಸೇರಿಸುತ್ತಿದ್ದೆವು, ಅಷ್ಟೇ. ನಾನು ಬಾಯಿ ಬಿಡದ್ದನ್ನು ಕಂಡು ಭಾವನವರೇ ಹೆಸರು ಹೇಳಿದರು. ದಿವಾನಜಿ ಬರೆದುಕೊಂಡರು. ಆಮೇಲಿನ ಪ್ರಶ್ನೆಗಳೂ ಅತ್ತಲೇ ತಿರುಗಿದವು, ಉತ್ತರಗಳೂ ಅಲ್ಲಿಂದಲೇ ಬಂದವು. ನಾನು ಚಹಾ ಕೊಟ್ಟೆ. ‘ಮುಂದಿನ ವಾರ ಬಂದು ಸಹಿ ತಗೋತೇನ್ರಿ’ ಎಂದು ಹೇಳಿ ಅವರು ಎದ್ದರು.

ಅವರು ಹೊಸ್ತಿಲು ದಾಟಿದ ಮೇಲೆ, ನನ್ನ ಜೊತೆಗಿರಲು ತವರಿನಿಂದ ಬಂದಿದ್ದ ಅವ್ವ ಬೆಳ್ಳುಳ್ಳಿ ಸುಲಿಯುವುದನ್ನು ನಿಲ್ಲಿಸಿದಳು.

‘ಹೇಳಿಕಿ ಕೊಟ್ಟವ್ರು ಅಣ್ಣ, ಮನಿತನದ ಯಜಮಾನ ಅಂತ ಬರಕೊಂಡ ಹೋದ್ರು. ನೀ ನಿಂತು ನೋಡಿದಿ. ಸಹಿ ಮಾಡಬ್ಯಾಡ. ನಮ್ಮ ಲೆಕ್ಕಕ್ಕ ನಮ್ಮ ಮನಶಾ ಬೇಕು.’

‘ಹೂಂ’ ಎಂದೆ. ಅವ್ವ ಬೇರೇನು ಹೇಳಿದ್ದರೂ ಹೂಂ ಎನ್ನುತ್ತಿದ್ದೆ.

ಪೆಟ್ರೋಲು ಸಿಗದೆ ಇದ್ದಲಿ ಗ್ಯಾಸಿನ ಮೇಲೆ ಓಡುತ್ತಿದ್ದ ಬಸ್ಸಿನಲ್ಲಿ ಕೆಮ್ಮುತ್ತ ಸವಣೂರಿಗೆ ಹೋದೆವು. ಅಲ್ಲೊಬ್ಬರು ದೊಡ್ಡ ದೊಡ್ಡ ಕುಳಗಳ ಲೆಕ್ಕ ನೋಡುತ್ತಾರೆಂದು ಯಾರೋ ಹೇಳಿದ್ದರು. ಜಮಖಾನೆ ಹಾಸಿ, ಎಲೆ ಅಡಿಕೆ ಕೊಟ್ಟು ಕೂಡ್ರಿಸಿದರು.

‘ಇದು ನವಾಬರ ಸೀಮಿ, ಇಂಗ್ರೇಜರ ತೆರಿಗಿ ಗಾಳಿ ಇಲ್ಲಿ ಬೀಸೂದಿಲ್ಲ. ರೊಕ್ಕ ಎಲ್ಲಾ ತಂದು ಇಲ್ಲೆ ನನ್ನ ಹೆಸರಲೆ ಇಡ್ರಿ. ಬೇಫಿಕರ್ ಇರ್ರಿ.’

ಗಂಡನ ಹೆಸರು ಬರೆಯಬೇಕಲ್ಲ ಎಂದು ಅವ್ವ ಕೇಳಿದ್ದಕ್ಕೆ, ‘ಛೇ, ಹೆಣ್ಮಕ್ಕಳ ಬಾಯಿಂದ ಅದೆಲ್ಲಾ ಯಾಕ್ರಿ, ನಾ ನೋಡ್ಕೋತೇನಿ’ ಎಂದರು. ಎಷ್ಟು ಮರ್ಯಾದೆಸ್ಥರು! ನಾನು ತಲೆಯಾಡಿಸಿಯೇಬಿಟ್ಟಿದ್ದೆ. ಅವ್ವ ತೊಡೆ ಚಿವುಟಿ ಎಬ್ಬಿಸಿದಳು.

ಅಲ್ಲಿಂದ ಶಿಗ್ಗಾವಿಗೆ ಹೋದೆವು. ಅಲ್ಲಿಯ ಲೆಕ್ಕದವರದು ಬೇರೆಯೇ ಜಾತಕ. ಕೂಡ್ರಿ ಎನ್ನುವ ಮೊದಲೇ ತಮ್ಮ ಸಂಬಳ ಹೇಳಿದರು. ಅವ್ವ ಅಂಗಡಿಯ, ಗಿರಣಿಯ ಕಾಗದ ಮುಂದಿಟ್ಟು ಅದನ್ನು ಇಳಿಸಲು ನೋಡಿದಳು.

‘ಚೌಕಾಸಿ ಮಾಡೂದಾದ್ರ ಸಂತ್ಯಾಗ ಮಾಡ್ರಿ. ಗಿರಣಿ ಪಾಲು ಯಾರ ಗಳಿಕಿ?’

‘ನಮ್ಮ ಅಳಿಯಂದ್ರದ...’ ಎಂದು ಅವ್ವ ಶುರು ಮಾಡಿದಳು.

‘ನಿಮ್ಮನ್ನ ಕೇಳಿಲ್ರಿ. ಅವ್ರು ಹೇಳ್ಲಿ.’

ಹೇಳಿದೆ. ಅಂಗಡಿಯದು ಕೇಳಿದರು, ಹೇಳಿದೆ. ಬೇರೆಯಾದದ್ದು ಯಾವಾಗ ಎಂದರು, ಹೇಳಿದೆ. ನನ್ನ ದನಿ ನನಗೇ ಪರಕೀಯವಾಗಿ ಕೇಳಿಸುತ್ತಿತ್ತು. ಕೊನೆಗೆ ಗಂಡನ ಹೆಸರು ಕೇಳಿದರು. ನಾನು ಅವ್ವನ ಮುಖ ನೋಡಿದೆ. ಅವರು ಲೇಖನಿ ಕೆಳಗಿಟ್ಟರು.

‘ಆಕಿ ಹೆಂಗ ಹೇಳ್ಯಾಳ್ರಿ?’ ಅವ್ವನಿಗೆ ಸಿಟ್ಟು ಬಂದಿತ್ತು. ‘ನಾ ಹೇಳ್ತೇನಿ, ಬರಕೋರಿ.’

‘ನೀವು ಹೇಳಿದ್ರ ನಿಮ್ಮ ಹೇಳಿಕಿ ಆಗತೈತಿ. ಭಾವ ಹೇಳಿದ್ರ ಭಾವಂದು. ನಾಳೆ ತೆರಿಗಿ ಸಾಹೇಬರ ಮುಂದ ಇವ್ರನ್ನ ನಿಲ್ಲಿಸಿ, ಯಾರು ಸತ್ತವ್ರು ಅಂತ ಕೇಳ್ತಾರ. ಆಗ ಸುಮ್ಮ ನಿಂತ್ರ, ಪಕ್ಕದಾಗ ನಿಂತವ್ರು ಹೇಳ್ತಾರ, ಪಾಲೂ ಒಯ್ತಾರ. ಇಲ್ಲೆ ಬಾಯಿ ಬಿಡದಿದ್ರ ನನಗ ಈ ಕೆಲಸ ಬ್ಯಾಡ.’

‘ಕರುಳ ಇಲ್ಲೇನ್ರಿ ನಿಮಗ? ಏಳವ್ವಾ, ಹೋಗೋಣು’ ಎಂದು ಅವ್ವ ಎದ್ದಳು.

ನಾನು ಏಳಲಿಲ್ಲ. ದಿವಾನಜಿಯೂ ಸವಣೂರಿನವರೂ ನನ್ನ ಮರ್ಯಾದೆ ಕಾಯ್ದಿದ್ದರು. ಕಾಯ್ದ ಪ್ರತಿ ಸಲವೂ ನನ್ನ ಕೈಯಿಂದ ಏನೋ ಜಾರಿತ್ತು. ಈ ಮನುಷ್ಯನ ಮೇಲೆ ನನಗೆ ಸಿಟ್ಟು ಬಂದಿತ್ತು. ತಿಂಗಳುಗಳ ಮೇಲೆ ಬಂದ ಮೊದಲ ಸಿಟ್ಟು ಅದು. ನನ್ನ ಲೆಕ್ಕ ಬರೆಯಬೇಕಾದವರು ಇವರೇ ಎಂದು ಆಗಲೇ ಗೊತ್ತುಮಾಡಿಕೊಂಡೆ. ಮುಂದೆ ವರ್ಷಗಟ್ಟಲೆ ಅವರೇ ಬರೆದರು. ಅಂಗಡಿಯೂ ಗಿರಣಿಯ ಪಾಲೂ ನನ್ನ ಕೈಯಲ್ಲೇ ಉಳಿದವು. ಭಾವನವರು ಬಹಳ ದಿನ ಮಾತು ಬಿಟ್ಟಿದ್ದರು, ಅದೂ ಒಂದು ಉಳಿತಾಯವೇ.

ಆದರೆ ಆವತ್ತು ಮೊದಲು ಹೆಸರು ಹೇಳಬೇಕಿತ್ತು. ಹೇಳಿದೆ. ಮಲ್ಲಿಗೆಯಿಲ್ಲ, ಬೆಳದಿಂಗಳಿಲ್ಲ, ಬರೀ ಹೆಸರು.

ಹೆಂಡತಿ ಹೆಸರು ಹೇಳಿದರೆ ಗಂಡನ ಆಯುಷ್ಯ ಸವೆಯುತ್ತದೆ ಎಂದು ಹಿರಿಯರು ಹೆದರಿಸಿದ್ದರು. ಅದಕ್ಕೇ ಇರಬೇಕು, ಮಣ್ಣು ಮಾಡಿ ಬಂದ ಮೇಲೂ ಹಲ್ಲು ಕಚ್ಚಿ ಕಾಯುತ್ತಿದ್ದೆ. ಈಗ ಬಾಯಿಂದ ಬಿದ್ದುಹೋಯಿತು, ಏನೂ ಆಗಲಿಲ್ಲ. ಸವೆಯುವುದಕ್ಕೆ ಅಲ್ಲಿ ಏನೂ ಉಳಿದಿರಲಿಲ್ಲ. ನನಗೆ ಅಳು ಬಂತು. ಆ ಪರ ಊರಿನಲ್ಲಿ, ಪರ ಗಂಡಸಿನ ಮುಂದೆ, ಸೆರಗು ಬಾಯಿಗೆ ತುರುಕಿಕೊಂಡರೂ ನಿಲ್ಲದೆ ಅತ್ತೆ.

ಅವರು ಲೇಖನಿಯನ್ನು ಮಸಿಯಲ್ಲಿ ಅದ್ದಿ, ‘ಮನಿತನದ ಅಡ್ಡಹೆಸರು ಹೇಳ್ರಿ’ ಎಂದರು.

ಅಳುತ್ತಲೇ ಅದನ್ನೂ ಹೇಳಿದೆ.