ಹನುಮೇಶನ ಕಡ್ಡಿ ಡಬ್ಬಿ

ಹನುಮೇಶನ ಬೈಕಿನ ಪೆಟ್ಟಿಗೆಯಲ್ಲಿ ಮಲ್ಟಿಮೀಟರು, ಸ್ಕ್ರೂಡ್ರೈವರುಗಳು, ಒಂದು ಫ್ಲಾಸ್ಕು ಮತ್ತು ಎರಡು ಥರ್ಮಾಮೀಟರುಗಳ ಜೊತೆ ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿಯೊಂದು ಇರುತ್ತದೆ. ಅದರಲ್ಲಿ ರಿಪೇರಿಗೆ ಬೇಕಾದದ್ದು ಏನೂ ಇಲ್ಲ. ಬೇವಿನ ಕಡ್ಡಿಗಳು, ಪೆನ್ನಿನ ಮುಚ್ಚಳ, ಮುರಿದ ಬಾಚಣಿಗೆಯ ಹಲ್ಲು, ನಾಲ್ಕಾಗಿ ಮಡಚಿದ ಬಸ್ ಟಿಕೆಟ್ಟು. ಪ್ರತಿಯೊಂದಕ್ಕೂ ಒಂದು ಚೀಟಿ ಸುತ್ತಿದೆ; ಚೀಟಿಯಲ್ಲಿ ಊರು ಮತ್ತು ತಾರೀಖು. ಹನ್ನೊಂದು ವರ್ಷಗಳಲ್ಲಿ ಅವನು ಸ್ವಿಚ್ಚುಗಳ ಸಂದಿಯಿಂದ ಎಳೆದು ತೆಗೆದ ವಸ್ತುಗಳು ಇವು.

ಅವನ ಊರು ಹಿರೇಗುಂಟನೂರು. ಮನೆಯಲ್ಲಿ ಕುರಿಗಳಿದ್ದವು, ಮೂರು ಎಕರೆ ಹೊಲ, ಒಂದು ಕೊಳವೆಬಾವಿ. ಚಿತ್ರದುರ್ಗದಲ್ಲಿ ಐಟಿಐ ಮುಗಿಸಿ ಭರಮಸಾಗರದ ಅಂಗಡಿಯೊಂದರಲ್ಲಿ ಸುಟ್ಟ ಮೋಟರುಗಳಿಗೆ ತಂತಿ ಸುತ್ತುವ ಕೆಲಸಕ್ಕೆ ಸೇರಿದ. ಆ ಕೆಲಸದಲ್ಲಿ ಅವನಿಗೆ ಒಂದು ವಿಷಯ ಬೇಗನೆ ಗೊತ್ತಾಯಿತು. ಮೂರು ಫೇಸ್ ಇರಬೇಕಾದ ಕರೆಂಟು ಎರಡೇ ಫೇಸಿನಲ್ಲಿ ಬಂದರೆ ಮೋಟರು ಚಾಲೂ ಮಾಡುವ ಸ್ಟಾರ್ಟರು ಪೆಟ್ಟಿಗೆಯ ಒಳಗಿನ ಸ್ವಿಚ್ಚು ತಾನಾಗಿ ಬಿದ್ದು ಮೋಟರನ್ನು ನಿಲ್ಲಿಸುತ್ತದೆ. ಇರುವುದೇ ನಾಲ್ಕು ಗಂಟೆ ಕರೆಂಟು, ಅದರಲ್ಲೂ ಇದು ಬೀಳುತ್ತದೆಂದು ರೈತನಿಗೆ ಸಿಟ್ಟು. ಬಾಗಿಲು ತೆಗೆದು ಸ್ವಿಚ್ಚು ಬೀಳದಂತೆ ಒಂದು ಬೇವಿನ ಕಡ್ಡಿ ಸಿಕ್ಕಿಸುತ್ತಾನೆ. ಕೆಲವು ದಿನ ನೀರು ಬರುತ್ತದೆ. ಆಮೇಲೆ ಮೋಟರು ಭರಮಸಾಗರಕ್ಕೆ ಬರುತ್ತದೆ.

ಡಬ್ಬಿಯ ಮೊದಲ ಕಡ್ಡಿಯ ಚೀಟಿಯಲ್ಲಿ ಹಿರೇಗುಂಟನೂರು ಎಂದೇ ಇದೆ. ಅದನ್ನು ಸಿಕ್ಕಿಸಿದ್ದು ಹನುಮೇಶನೇ. ಗೊತ್ತಿದ್ದೂ ಗೊತ್ತಿದ್ದೂ, ಅಪ್ಪನ ಶೇಂಗಾ ಒಣಗುತ್ತಿದೆಯೆಂದು. ಒಂಬತ್ತನೇ ದಿನ ಮೋಟರು ಸುಟ್ಟಿತು. ಬಾವಿಯಿಂದ ಮೇಲೆತ್ತಿ, ತಾನೇ ಬಿಚ್ಚಿ, ತಾನೇ ತಂತಿ ಸುತ್ತಿದ.

ನಂತರ ಅವನು ವೈದ್ಯಕೀಯ ಯಂತ್ರಗಳ ರಿಪೇರಿಯ ಕೋರ್ಸು ಮಾಡಿದ. ಈಗ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಒಂಬತ್ತು ಸಣ್ಣ ನರ್ಸಿಂಗ್ ಹೋಮುಗಳ ಯಂತ್ರಗಳು ಅವನ ಉಸ್ತುವಾರಿಯಲ್ಲಿವೆ. ಎಲ್ಲಿಗೆ ಹೋದರೂ ಮೊದಲು ಮಾಡುವುದು ಒಂದೇ ಕೆಲಸ: ಸುಮ್ಮನಿರುವ ಯಂತ್ರವನ್ನು ಕೂಗಿಸುವುದು. ಆಮ್ಲಜನಕದ ಕೊಳವೆ ಕಳಚುತ್ತಾನೆ, ಅಲಾರಂ ಬರಬೇಕು. ಡ್ರಿಪ್ ಪಂಪಿನ ಬಾಗಿಲು ತೆರೆಯುತ್ತಾನೆ, ಪಂಪು ನಿಲ್ಲಬೇಕು. ಅವನ ಅಪ್ಪ ಚಿತ್ತಪ್ಪ ಸಂಜೆ ಕುರಿ ರೊಪ್ಪದ ಬೇಲಿಯನ್ನು ಹೊರಗಿನಿಂದ ಅಲುಗಾಡಿಸಿ, ನಾಯಿ ಬೊಗಳಿದ ಮೇಲಷ್ಟೇ ಊಟಕ್ಕೆ ಕೂರುತ್ತಿದ್ದ. ಮಗನದೂ ಅದೇ ರೀತಿ. ನರ್ಸುಗಳು ಅವನಿಗೆ ಇಟ್ಟ ಹೆಸರು ಕೂಗ್ಸೋ ಹನುಮೇಶ.

ಕಳೆದ ಫೆಬ್ರವರಿಯ ಒಂದು ಗುರುವಾರ ಅವನು ಹೊಸದುರ್ಗದಲ್ಲಿದ್ದಾಗ ಹೊಳಲ್ಕೆರೆಯ ನರ್ಸಿಂಗ್ ಹೋಮಿನಿಂದ ಫೋನು ಬಂತು. ಮಾತಾಡಿದ್ದು ಅಲ್ಲಿನ ಹಿರಿಯ ನರ್ಸು ಏಕನಾಥಮ್ಮ.

"ಹನುಮೇಶ, ವಾರ್ಮರು ಹೊತ್ತಾರೆಯಿಂದ ಒಂದೇ ಸಮ ಬಡ್ಕಂತೈತೆ. ಡಾಕ್ಟರು ಮಗೂನ ಚಿತ್ರದುರ್ಗಕ್ಕೆ ಕಳಿಸಿಬಿಡಾಣ ಅಂತವ್ರೆ. ಎಲ್ಲಿದ್ರೂ ಬಾರಪ್ಪ."

ವಾರ್ಮರು ಎಂದರೆ ತೂಕ ಕಡಿಮೆ ಇರುವ ಶಿಶುಗಳನ್ನು ಬೆಚ್ಚಗಿಡುವ ಹಾಸಿಗೆ. ಮೇಲೆ ಹೀಟರು, ಮಗುವಿನ ಹೊಟ್ಟೆಗೆ ಅಂಟಿಸುವ, ಅಂಗಿ ಗುಂಡಿಯಷ್ಟು ಚಿಕ್ಕ ಸೆನ್ಸರು. ಮೈ ಮೂವತ್ತಾರೂವರೆ ಡಿಗ್ರಿಗಿಂತ ತಣ್ಣಗಾದರೆ ಯಂತ್ರ ಕಾವು ಹೆಚ್ಚಿಸುತ್ತದೆ, ಬಿಸಿಯಾದರೆ ಇಳಿಸುತ್ತದೆ, ಒಂದು ಡಿಗ್ರಿ ಆಚೀಚೆಯಾದರೆ ಕೂಗುತ್ತದೆ. ಆ ನರ್ಸಿಂಗ್ ಹೋಮಿನಲ್ಲಿ ಇರುವುದು ಅದೊಂದೇ ವಾರ್ಮರು. ಅದರಲ್ಲಿದ್ದದ್ದು ಮೂರು ದಿನದ ಹೆಣ್ಣುಮಗು, ತೂಕ ಒಂದು ಕಿಲೋ ಆರುನೂರ ಐವತ್ತು ಗ್ರಾಂ. ಚಿತ್ರದುರ್ಗಕ್ಕೆ ಮುಕ್ಕಾಲು ಗಂಟೆಯ ದಾರಿ. ಅಷ್ಟು ಸಣ್ಣ ಮಗುವಿಗೆ ದಾರಿಯೂ ಒಂದು ಅಪಾಯವೇ.

ಹನುಮೇಶ ಒಳಗೆ ಬಂದಾಗ ಕೋಣೆ ನಿಶ್ಶಬ್ದವಾಗಿತ್ತು. ಅವನಿಗೆ ಅದೇ ಸರಿಬರಲಿಲ್ಲ. ಯಂತ್ರದ ಕೆಂಪು ದೀಪ ಮಿನುಗುತ್ತಿದೆ, ಪರದೆಯ ಮೇಲೆ 35.1 ಎಂದಿದೆ, ಹೀಟರು ಪೂರ್ತಿ ಕಾವಿನಲ್ಲಿ ಉರಿಯುತ್ತಿದೆ, ಆದರೆ ಸದ್ದಿಲ್ಲ. ಬಗ್ಗಿ ನೋಡಿದ. ಅಲಾರಂ ನಿಲ್ಲಿಸುವ ಗುಂಡಿಯ ಮೇಲೆ ಬೆಂಕಿಪೊಟ್ಟಣದ ರಟ್ಟು ಮಡಚಿಟ್ಟು, ಅದರ ಮೇಲೆ ಬಿಗಿಯಾಗಿ ಪ್ಲಾಸ್ಟರು ಹಾಕಿದ್ದರು. ಹಳೆಯ ಮಾದರಿಯ ಯಂತ್ರ. ಗುಂಡಿ ಒತ್ತಿಹಿಡಿದಷ್ಟು ಹೊತ್ತು ಕೂಗುವುದಿಲ್ಲ.

ಪ್ಲಾಸ್ಟರು ಕಿತ್ತ. ಕೋಣೆ ತುಂಬ ಅಲಾರಂ.

"ನೋಡ್ದ್ಯಾ? ಇದೇ ಗೋಳು," ಎಂದಳು ಏಕನಾಥಮ್ಮ. "ಮಗು ತಣ್ಣಗಾತು, ತಣ್ಣಗಾತು ಅಂತೈತೆ."

ಮೂಲೆಯ ಸ್ಟೂಲಿನಿಂದ ಮಗುವಿನ ಅಜ್ಜಿ ಕಾಟಮ್ಮ ಎದ್ದಳು. ಹೆರಿಗೆಗೆ ಬಂದವಳು ಅವಳ ಮಗಳು ರೋಜಾ, ಪಕ್ಕದ ಕೋಣೆಯಲ್ಲಿ ಮಲಗಿದ್ದಳು.

"ಎಲ್ಲಿ ತಣ್ಣಗೈತೆ? ಅಂಗಾಲು ಮುಟ್ಟಿ ನೋಡ್ರಿ, ಕೆಂಡ ಆಗೈತೆ. ಆಗಿಂದ ಬಡ್ಕಂತಿದೀನಿ, ನನ್ ಮಾತು ಯಾರ್ ಕೇಳ್ತೀರಾ."

"ಅಜ್ಜಿ, ನೀನೊಂದು ಸುಮ್ಕಿರು. ಒಂದು ಮಿಷನ್ನು ಬಡ್ಕಳೋದೇ ಸಾಕಾಗೈತೆ."

ಹನುಮೇಶ ಸುಮ್ಮನಿರಲಿಲ್ಲ. ಒಂದೇ ಮಗುವಿಗೆ ಎರಡು ಅಳತೆ, ಎರಡೂ ಬೇರೆ ಬೇರೆ. ಅಂದರೆ ಒಂದು ತಪ್ಪು. ಯಾವುದು ತಪ್ಪೆಂದು ಗೊತ್ತಾಗುವವರೆಗೆ ಕಾವು ಬೇಡವೆಂದು ಮೊದಲು ಹೀಟರು ಆರಿಸಿದ.

"ಸಿಸ್ಟರ್, ಕಂಕುಳಲ್ಲಿ ಥರ್ಮಾಮೀಟರು ಇಡ್ರಿ."

37.9. ಏಕನಾಥಮ್ಮ ಮತ್ತೊಮ್ಮೆ ಇಟ್ಟು ನೋಡಿದಳು. ಅಷ್ಟೇ ಬಂತು. ಅವಳ ಮುಖ ಇಳಿಯಿತು. ಮಗು ಬಿಸಿಯಾಗುತ್ತಿತ್ತು, ಯಂತ್ರ ಅದನ್ನು ತಣ್ಣಗೆಂದು ತಿಳಿದು ಇನ್ನಷ್ಟು ಕಾಯಿಸುತ್ತಿತ್ತು, ಆ ಯಂತ್ರದ ಬಾಯಿಯನ್ನು ಇವರೇ ಕಟ್ಟಿದ್ದರು.

ಡಾಕ್ಟರ್ ಲತಾ ಬಂದವರೇ ಮಗುವನ್ನು ನೋಡಿದರು. "ತೆಗೀರಿ ಇದರಿಂದ. ತಾಯಿ ಎದೆ ಮೇಲೆ ಮಲಗಿಸಿ. ಹನುಮೇಶ್, ಈ ಯಂತ್ರದ ಮೇಲೆ ನನಗೆ ನಂಬಿಕೆ ಹೋಯ್ತು. ಆಂಬ್ಯುಲೆನ್ಸ್ ಕರೆಸ್ತೀನಿ."

"ಇಪ್ಪತ್ತು ನಿಮಿಷ ಕೊಡ್ರಿ ಮೇಡಂ. ಮಿಷನ್ ಕೆಟ್ಟಿದ್ರೆ ನಾನೇ ಹೇಳ್ತೀನಿ, ಕಳಿಸ್ಬಿಡ್ರಿ."

"ಇಪ್ಪತ್ತೇ."

ಫ್ಲಾಸ್ಕಿಗೆ ಬಿಸಿನೀರು, ತಣ್ಣೀರು ಬೆರೆಸಿ ತನ್ನ ಥರ್ಮಾಮೀಟರಿನಲ್ಲಿ ಸರಿಯಾಗಿ 37.0 ಮಾಡಿದ. ಸೆನ್ಸರನ್ನು ಅದರಲ್ಲಿ ಇಳಿಬಿಟ್ಟ. ಪರದೆ 36.9 ತೋರಿಸಿತು. ಇನ್ನಷ್ಟು ತಣ್ಣೀರು ಹಾಕಿ 35.0 ಮಾಡಿದ. ಪರದೆಯಲ್ಲೂ 35.0. ಒಳಗೆ ಮುರಿದಿರಬಹುದೆಂದು ತಂತಿಯನ್ನು ಗೇಣು ಗೇಣಾಗಿ ಬಗ್ಗಿಸುತ್ತಾ ಬಂದ. ಅಂಕಿ ಕದಲಲಿಲ್ಲ. ಹನ್ನೆರಡು ನಿಮಿಷ ಕಳೆದಿತ್ತು. ಸೆನ್ಸರು ಸುಳ್ಳು ಹೇಳುತ್ತಿಲ್ಲ. ತಾನು ಮುಟ್ಟಿದ್ದರ ಬಿಸಿಯನ್ನೇ ಹೇಳುತ್ತಿದೆ. ಹಾಗಾದರೆ ಅದು ಮುಟ್ಟಿದ್ದು ಮಗುವನ್ನಲ್ಲ.

ಸೆನ್ಸರಿನಿಂದ ಬಿಡಿಸಿಟ್ಟಿದ್ದ ಅಂಟುಪಟ್ಟಿಯನ್ನು ಬೆರಳಲ್ಲಿ ಹಿಡಿದ. ಬೆರಳು ಜಾರಿತು. ಮೂಸಿ ನೋಡಿದ. ಚಿಕ್ಕಂದಿನಲ್ಲಿ ಅವನ ನೆತ್ತಿಗೂ ಇದೇ ವಾಸನೆ ಇತ್ತು: ಹರಳೆಣ್ಣೆ.

ಕಾಟಮ್ಮನ ಕೈ ಸೆರಗಿನ ಗಂಟಿನ ಮೇಲಿತ್ತು.

"ಅಜ್ಜಿ, ಬಾಟ್ಲಿ ತೆಗೀರಿ."

"ಯಾವ ಬಾಟ್ಲಿ?"

"ನಮ್ಮವ್ವನೂ ಸೆರಗ್ನಾಗೇ ಕಟ್ಕಂಡಿರ್ತಿದ್ಲು. ಬಯ್ಯಾದಿಲ್ಲ, ತೆಗೀರಿ."

ಕೆಮ್ಮಿನ ಔಷಧಿಯ ಹಳೆಯ ಸೀಸೆ ಹೊರಗೆ ಬಂತು. "ಒಂದ್ ತೊಟ್ಟು ನೆತ್ತಿಗೆ, ಒಂದ್ ತೊಟ್ಟು ಹೊಕ್ಕಳ ಸುತ್ತ, ಅಷ್ಟೇ ಕಣಪ್ಪ," ಎಂದಳು. "ಏಳು ಮಕ್ಕಳಿಗೆ ಹಚ್ಚೀನಿ. ನರ್ಸಮ್ಮ ತಿಂಡಿಗೆ, ಊಟಕ್ಕೆ ಹೋದಾಗ ಹಚ್ತಿದ್ದೆ. ಮಗೀಗೆ ಒಳ್ಳೇದಾಗ್ಲಿ ಅಂತ."

ಎಣ್ಣೆಯ ಮೇಲೆ ಅಂಟು ನಿಲ್ಲದೆ ಸೆನ್ಸರು ಜಾರಿ ಬಟ್ಟೆಯ ಮಡಿಕೆಯ ನೆರಳಿನಲ್ಲಿ ಬಿದ್ದಿತ್ತು. ಅಲ್ಲಿನ ತಂಪನ್ನೇ ಯಂತ್ರ ಮಗುವಿನ ಮೈಯೆಂದು ತಿಳಿಯಿತು. ಏಕನಾಥಮ್ಮ ಪ್ರತಿ ಸಲ ಹೊಸ ಪಟ್ಟಿ ಅಂಟಿಸಿದ್ದಳು, ಅದು ಪ್ರತಿ ಸಲ ಜಾರಿತ್ತು.

"ಸರಿ, ಈ ರಟ್ಟು ಯಾರು ಸಿಕ್ಸಿದ್ದು?" ಎಂದು ಹನುಮೇಶ ಕೇಳಿದ.

ಬಾಗಿಲಲ್ಲಿ ನಿಂತಿದ್ದ ವಾರ್ಡಿನ ಸಹಾಯಕ ನಾಗಣ್ಣ ಕೆಮ್ಮಿದ. ಐವತ್ತೈದು ದಾಟಿದ ಆಸಾಮಿ. ಬೆಳಿಗ್ಗೆ ಹೊಲ, ಆಮೇಲೆ ಆಸ್ಪತ್ರೆ. "ನಾನೇ ಕಣಪ್ಪ. ಪಾಪ, ಮಗು ಬೆಚ್ಚಿಬೆಚ್ಚಿ ಬೀಳ್ತಿತ್ತು. ಒಂದೀಟು ನಿದ್ದೆ ಮಾಡ್ಲಿ ಅಂತ."

"ನಾಗಣ್ಣ, ನಿಮ್ ಬೋರಿನ ಸ್ಟಾರ್ಟರ್ಗೂ ಹಿಂಗೇ ಏನಾರ ಸಿಕ್ಸೀರಾ?"

"ನಮ್ಮೂರಾಗೆ ಯಾರ್ ಸಿಕ್ಸಿಲ್ಲ, ಹೇಳು ನೋಡಾಣ!"

"ಮೋಟ್ರು ಎಷ್ಟು ಸಲ ಸುಟ್ಟೈತೆ?"

ನಾಗಣ್ಣ ಮೂರು ಬೆರಳು ತೋರಿಸಿದ.

"ಮೋಟ್ರಾದ್ರೆ ನಾನು ಸುತ್ತಿ ಕೊಟ್ಟೇನು," ಎಂದ ಹನುಮೇಶ. ಖಾಲಿ ವಾರ್ಮರಿನ ಕಡೆ ಕೈ ತೋರಿಸಿದ. ನಾಗಣ್ಣ ತಲೆ ತಗ್ಗಿಸಿ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡ.

ಡಾಕ್ಟರ್ ಲತಾ ಫೋನು ಕೈಯಲ್ಲಿ ಹಿಡಿದೇ ಬಂದರು. "ಇಪ್ಪತ್ತು ನಿಮಿಷ ಆಯ್ತು. ಹೇಳಿ. ಮಗು ಇಲ್ಲೇ ಇರಬಹುದಾ?"

ಮೇಡಂ ಇವನ ಮಾತಿನ ಮೇಲೆ ತೀರ್ಮಾನ ಮಾಡುತ್ತಾರೆ. ಹನುಮೇಶ ತನ್ನ ಅಳತೆಗಳನ್ನು ಬರೆದ ಹಾಳೆ ಕೊಟ್ಟ. "ಮಿಷನ್ ಸರಿ ಐತೆ ಮೇಡಂ. ಹೊತ್ತಾರೆಯಿಂದ ನಿಜಾನೇ ಕೂಗ್ತಿತ್ತು. ಅದ್ನ ಕೂಗಾಕೆ ಬಿಟ್ಟು, ಕೂಗಿದಾಗೆಲ್ಲ ಒಬ್ಬರು ಹೋಗಿ ಮಗೂನ ನೋಡ್ತೀರಿ ಅಂದ್ರೆ ಇಲ್ಲೇ ಇರಬಹುದು. ಇಲ್ಲಾಂದ್ರೆ ಕಳಿಸ್ಬಿಡ್ರಿ."

ಅವರು ಹಾಳೆಯನ್ನು ಎರಡು ಸಲ ಓದಿದರು. ಮಗುವಿನ ಬಿಸಿ ತಾಯಿಯ ಎದೆಯ ಮೇಲೆ ಆಗಲೇ 37.2ಕ್ಕೆ ಇಳಿದಿತ್ತು. ಫೋನನ್ನು ಕೋಟಿನ ಜೇಬಿಗೆ ಹಾಕಿಕೊಂಡರು. "ಸಿಸ್ಟರ್, ಒಂದು ಪುಸ್ತಕ ಇಡಿ. ಪ್ರತಿ ಅಲಾರಂಗೂ ಸಮಯ, ಯಾರು ನೋಡಿದರು, ಏನಾಗಿತ್ತು, ಬರೀಬೇಕು. ಕಾಟಮ್ಮ, ಎಣ್ಣೆ ಬೇಡ. ಹೀಟರ್ ಕೆಳಗೆ ಎಣ್ಣೆ ಇದ್ದರೆ ಚರ್ಮನೂ ಕಂದುತ್ತೆ. ಆದರೆ ಅಂಗಾಲು ಮುಟ್ಟಿ ನೋಡೋದನ್ನ ಬಿಡಬೇಡಿ. ನೀವು ಹೇಳಿದ್ದೇ ಸರಿ ಇತ್ತು."

"ಹುಟ್ಟಿದ ಕುರಿಮರಿ ಬದುಕ್ತೈತೋ ಇಲ್ವೋ ಅಂತ ಕಿವಿ, ಕಾಲು ಮುಟ್ಟೇ ಹೇಳ್ತೀನಿ ನಾನು," ಎಂದಳು ಕಾಟಮ್ಮ. ಏಕನಾಥಮ್ಮನ ಕಡೆ ತಿರುಗಿ ಸೇರಿಸಿದಳು: "ಸುಮ್ಕಿರು ಅಂದ್ಯಲ್ಲ ನರ್ಸಮ್ಮ."

"ಆತು ಅಜ್ಜಿ, ತಪ್ಪಾತು. ಇನ್ಮೇಲೆ ನೀನೂ ಬಡ್ಕಾ, ಅದೂ ಬಡ್ಕಳ್ಲಿ."

ಮಗುವಿನ ಹೊಟ್ಟೆಯನ್ನು ಬೆಚ್ಚನೆ ನೀರಿನ ಹತ್ತಿಯಲ್ಲಿ ಒರೆಸಿ, ಒಣಗಿಸಿ, ಹೊಸ ಪಟ್ಟಿ ಅಂಟಿಸಿದರು. ಅದಕ್ಕೆ ಮುಂಚೆ ಹನುಮೇಶ ಖಾಲಿ ಹಾಸಿಗೆಯಲ್ಲಿ ಸೆನ್ಸರನ್ನು ಬೇಕೆಂದೇ ಕೆಳಗೆ ಇಳಿಬಿಟ್ಟು ಎಲ್ಲರಿಗೂ ಅಲಾರಂ ಕೇಳಿಸಿದ. ಮೂರು ಸಲ ಇಳಿಬಿಟ್ಟ, ಮೂರು ಸಲವೂ ಕೂಗಿತು. ಆಮೇಲೆ ಆ ರಟ್ಟಿಗೆ ಚೀಟಿ ಸುತ್ತಿ ಡಬ್ಬಿಗೆ ಹಾಕಿದ.

ಮುಂದಿನ ಗುರುವಾರ ಅವನು ಮತ್ತೆ ಹೋದ. ಪುಸ್ತಕದಲ್ಲಿ ಆರು ಅಲಾರಂಗಳಿದ್ದವು, ಆರಕ್ಕೂ ಉತ್ತರವಿತ್ತು. ಎರಡು ಕಡೆ "ಪಟ್ಟಿ ಸಡಿಲ", ಒಂದು ಕಡೆ "ಕಿಟಕಿ ತೆರೆದಿತ್ತು". ಒಂದು ಸಾಲು ಅಲಾರಂನದ್ದೇ ಅಲ್ಲ: "ಯಂತ್ರ ಕೂಗಿಲ್ಲ, ಅಜ್ಜಿ ಕೂಗಿದರು. ಅಂಗಾಲು ತಣ್ಣಗಿತ್ತು. ಬಟ್ಟೆ ಒದ್ದೆ, ಬದಲಾಯಿಸಿದೆ." ಮಗುವಿನ ತೂಕ ಒಂದು ಕಿಲೋ ಏಳುನೂರ ಇಪ್ಪತ್ತು.

ಪೆಟ್ಟಿಗೆ ಮುಚ್ಚುತ್ತಿದ್ದಾಗ ನಾಗಣ್ಣ ಅಂಗಿ ಜೇಬಿನಿಂದ ಒಂದು ಬೇವಿನ ಕಡ್ಡಿ ತೆಗೆದು ಮುಂದೆ ಹಿಡಿದ. ಒಂದು ತುದಿ ಕಪ್ಪಾಗಿತ್ತು.

"ತಗಾ. ನಮ್ ಸ್ಟಾರ್ಟರಿಂದು. ಡಬ್ಬಿಗೆ ಹಾಕ್ಕ. ನನ್ ಹೆಸ್ರು ಮಾತ್ರ ಬರೀಬ್ಯಾಡ."

"ಹೆಸ್ರು ಯಾರ್ದೂ ಬರಿಯಲ್ಲ ನಾಗಣ್ಣ. ಊರು, ತಾರೀಕು, ಅಷ್ಟೇ."

ಅವನು ಚೀಟಿ ಹರಿಯುವಷ್ಟರಲ್ಲಿ ಒಳಗೆ ವಾರ್ಮರು ಕೂಗಿತು. ಹನುಮೇಶ ಎದ್ದ. ಅವನಿಗಿಂತ ಮೊದಲೇ ಏಕನಾಥಮ್ಮನ ಚಪ್ಪಲಿಯ ಸದ್ದು ಆ ಕಡೆ ಓಡಿತು, ಅದರ ಹಿಂದೆ ಕಾಟಮ್ಮನ ದನಿ: "ಬಂದೆ ಕಣವ್ವ, ಬಂದೆ, ಕೇಳಿಸ್ತು." ಅಲಾರಂ ನಿಂತಿತು.

ಹನುಮೇಶ ಕೂತು ಚೀಟಿ ಬರೆದ.